ಕೆಡುವ ಅನ್ನ, ಕಾಣದ ಬೇನೆ: ಕೆಮ್ಮಣ್ಣುಗುಂಡಿ ಸೀಮೆಯ ಅಡುಗೆಮನೆಯ ಚರಿತ್ರೆ

ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಸಮುದ್ರಮಟ್ಟದಿಂದ ಸುಮಾರು 1434 ಮೀಟರ್ ಎತ್ತರದಲ್ಲಿರುವ ಕೆಮ್ಮಣ್ಣುಗುಂಡಿಯು ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ಬಿಡಾರವಾಗಿ, ಭದ್ರಾವತಿಯ ಕಾರ್ಖಾನೆಗೆ ಅದಿರು ಒದಗಿಸಿದ ಗಣಿಯಾಗಿ, ಈಚೆಗೆ ತೋಟಗಾರಿಕೆ ಇಲಾಖೆಯ ಗಿರಿಧಾಮವಾಗಿ ಹೆಸರಾಗಿದೆ. ಆ ಬೆಟ್ಟದ ಬುಡದಿಂದ ಲಿಂಗದಹಳ್ಳಿ, ತರೀಕೆರೆ, ಅಜ್ಜಂಪುರ, ಬೀರೂರು, ಕಡೂರುಗಳವರೆಗೆ ಹರಡಿರುವ ಸೀಮೆಗೆ ಇನ್ನೊಂದು ಚರಿತ್ರೆಯೂ ಇದ್ದು, ಅದು ಅರಮನೆಯ ದಫ್ತರಗಳಿಗಿಂತ ಹೆಚ್ಚಾಗಿ ಮನೆಮನೆಯ ಒಲೆಯ ಮುಂದೆ ನಡೆದದ್ದಾದ್ದರಿಂದ ಅದನ್ನು ಬರೆದಿಟ್ಟವರು ಕಡಿಮೆ. ಬೇಯಿಸಿದ್ದನ್ನು ಕೆಡದಂತೆ ಉಳಿಸುವುದು ಹೇಗೆ, ಯಾವ ನೀರನ್ನು ಕುಡಿಯಬಹುದು, ಯಾವ ಪಾತ್ರೆಯಲ್ಲಿ ಏನನ್ನು ಇಡಬಾರದು ಎಂಬ ಪ್ರಶ್ನೆಗಳಿಗೆ ಇಲ್ಲಿಯ ಹೆಂಗಸರು ತಲೆಮಾರುಗಳ ಕಾಲ ಕಂಡುಕೊಂಡ ಉತ್ತರಗಳೇ ಆ ಚರಿತ್ರೆ. ಬೆಟ್ಟದ ಮೇಲೆ ಮಳೆಗಾಲವಿಡೀ ಮಂಜು ಕವಿದು ಗೋಡೆಗಳೇ ಬೆವರುವಾಗ, ಕೆಲವೇ ಹರದಾರಿಗಳಾಚೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಕಡೂರಿನ ಬಯಲಿನಲ್ಲಿ ಕೆರೆಗಳು ಬತ್ತುತ್ತವೆ. ಒಂದೆಡೆ ತೇವ, ಇನ್ನೊಂದೆಡೆ ಬಿಸಿಲು. ಆದ್ದರಿಂದ ಆಹಾರ ಕೆಡುವ ಬಗೆಯೂ ಅದನ್ನು ಕಾಯುವ ಬಗೆಯೂ ಎರಡು ಕಡೆ ಎರಡಾಗಿ ಬೆಳೆದವು.

ಈ ಚರಿತ್ರೆಯನ್ನು ಸರಿಯಾಗಿ ತೂಗಬೇಕಾದರೆ ಒಂದು ವ್ಯತ್ಯಾಸವನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. ಬ್ಯಾಕ್ಟೀರಿಯ ಎಂದರೆ ಒಂದೇ ಜೀವಕೋಶದ, ಸೂಕ್ಷ್ಮದರ್ಶಕವಿಲ್ಲದೆ ಕಾಣದ ಜೀವಿ. ಆಹಾರದಲ್ಲಿ ಅದು ಎರಡು ರೀತಿಯ ಕೇಡನ್ನು ಮಾಡಬಲ್ಲದು. ಒಂದು ಗುಂಪಿನ ಬ್ಯಾಕ್ಟೀರಿಯಗಳು ಅನ್ನವನ್ನು ಹಳಸಿಸುತ್ತವೆ, ಹಾಲನ್ನು ಒಡೆಯುತ್ತವೆ, ಮಾಂಸವನ್ನು ನಾರಿಸುತ್ತವೆ, ಮತ್ತು ಈ ಕೆಲಸ ನಡೆದದ್ದನ್ನು ಮೂಗು, ನಾಲಗೆ, ಬೆರಳುಗಳೇ ಹೇಳಿಬಿಡುತ್ತವೆ. ಇನ್ನೊಂದು ಗುಂಪಿನವು ರೋಗಕಾರಕಗಳು: ಕಾಲರಾ, ವಿಷಮಶೀತಜ್ವರ, ರಕ್ತಭೇದಿಗಳನ್ನು ತರುವ ಇವು ತಿಳಿನೀರಿನಲ್ಲಿಯೂ ಆಗಷ್ಟೇ ಬಡಿಸಿದ ಅನ್ನದಲ್ಲಿಯೂ ಇರಬಹುದು, ಮತ್ತು ಅವುಗಳಿಂದ ರುಚಿಯಾಗಲಿ ವಾಸನೆಯಾಗಲಿ ಬಣ್ಣವಾಗಲಿ ಬದಲಾಗಬೇಕೆಂದಿಲ್ಲ. ಕೆಮ್ಮಣ್ಣುಗುಂಡಿ ಸೀಮೆಯ ಹಳೆಯ ಅಡುಗೆಮನೆಯು ಮೊದಲನೆಯ ಕೇಡನ್ನು ಆಳವಾಗಿ ಬಲ್ಲದ್ದಾಗಿತ್ತು, ಎರಡನೆಯದನ್ನು ಬಲ್ಲದ್ದಾಗಿರಲಿಲ್ಲ. ಹಿಂದಿನವರಿಗೆ ಎಲ್ಲವೂ ಗೊತ್ತಿತ್ತೆಂಬ ಹೆಮ್ಮೆಯೂ ಅವರದ್ದೆಲ್ಲವೂ ಮೌಢ್ಯವೆಂಬ ತಾತ್ಸಾರವೂ ಈ ವ್ಯತ್ಯಾಸವನ್ನು ಮರೆತಾಗ ಹುಟ್ಟುವಂಥವು.

ಕೆಡುವುದರ ವಿದ್ಯೆಗೆ ಈ ನಾಡಿನಲ್ಲಿ ಹಾಲೇ ಮೊದಲ ಪಾಠ. ವಿಜಯನಗರದ ಪ್ರತಿನಿಧಿಗಳು ಶ್ರೀರಂಗಪಟ್ಟಣದಲ್ಲಿ ಕಟ್ಟಿದ ಕರುಹಟ್ಟಿಯು ಮೈಸೂರಿನ ಒಡೆಯರ ಕೈಸೇರಿ, ಚಿಕ್ಕದೇವರಾಜ ಒಡೆಯರ (1673–1704) ಆಳ್ವಿಕೆಯಲ್ಲಿ ಬೆಣ್ಣೆ ಚಾವಡಿ ಎಂಬ ಇಲಾಖೆಯಾಯಿತು. ಟಿಪ್ಪು ಸುಲ್ತಾನನ ಕಾಲದಲ್ಲಿ ಅದೇ ಅಮೃತಮಹಲ್ ಎನಿಸಿತು. ಬಾಸೂರು, ಬೀರೂರು, ಲಿಂಗದಹಳ್ಳಿ, ಅಜ್ಜಂಪುರಗಳ ಸುತ್ತಲಿನ ಹುಲ್ಲುಗಾವಲುಗಳು, ಅಂದರೆ ಕಾವಲುಗಳು, ಆ ದನಗಳಿಗೆ ಮೀಸಲಾದ ನೆಲ; ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ ಇಂದಿಗೂ ಅದರ ಉತ್ತರಾಧಿಕಾರಿ. ಅಮೃತಮಹಲ್ ದನವು ಕ್ರಮೇಣ ಫಿರಂಗಿ ಎಳೆಯುವ, ಸೈನ್ಯದ ಸಾಮಾನು ಹೊರುವ ವೇಗದ ಎತ್ತುಗಳಿಗಾಗಿಯೇ ಹೆಸರಾಗಿ, ಅದರ ಹಾಲಿನ ಬಹುಪಾಲು ಕರುವಿಗೇ ಸಲ್ಲುತ್ತಿತ್ತಾದರೂ, ಇಲಾಖೆಯ ಆರಂಭದ ಕೆಲಸ ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುವುದೇ ಆಗಿತ್ತು. ದೂರದ ಕಾವಲಿನಲ್ಲಿ ಕರೆದ ಹಾಲು ಹಾಲಾಗಿಯೇ ರಾಜಧಾನಿಯನ್ನು ಮುಟ್ಟಲಾರದು. ಅದು ತಲುಪಬೇಕಾದರೆ ಬೆಣ್ಣೆಯಾಗಬೇಕು, ಇನ್ನೂ ದೂರ ಹೋಗಬೇಕಾದರೆ ತುಪ್ಪವಾಗಬೇಕು. ಪಶುಪಾಲನೆಯ ಈ ಇಡೀ ಆರ್ಥಿಕತೆಯ ಬುಡದಲ್ಲಿ ಇದ್ದದ್ದು ಬ್ಯಾಕ್ಟೀರಿಯಗಳ ಕಾಲಗಣನೆ ಎಂದರೆ ಅತಿಶಯೋಕ್ತಿಯಾಗದು, ಏಕೆಂದರೆ ಅನುಕೂಲವಾದ ಬೆಚ್ಚಗಿನ ಸ್ಥಿತಿಯಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾಗುವ ಒಂದು ಬ್ಯಾಕ್ಟೀರಿಯವು ಏಳು ಗಂಟೆಯಲ್ಲಿ ಇಪ್ಪತ್ತು ಲಕ್ಷವನ್ನು ಮೀರುತ್ತದೆ.

ಹಾಲು ತುಪ್ಪವಾಗುವವರೆಗಿನ ಒಂದೊಂದು ಹಂತವೂ ಸೂಕ್ಷ್ಮಜೀವಿಗಳಿಗೆ ಹಾಕಿದ ಒಂದೊಂದು ಕಟ್ಟು. ಕರೆದ ಹಾಲನ್ನು ಮಣ್ಣಿನ ಗಡಿಗೆಯಲ್ಲಿ ಬೆರಣಿಯ ಸಣ್ಣ ಉರಿಯ ಮೇಲಿಟ್ಟು, ಕೆನೆ ಕಂದುಗಟ್ಟುವವರೆಗೆ ಕಾಯಲು ಬಿಡುತ್ತಿದ್ದರು. ಬೆಳಗಿನಿಂದ ಹೀಗೆ ಕಾದ ಹಾಲು ಸಂಜೆಗೆ ಉಗುರುಬೆಚ್ಚಗಾದಾಗ ಹಿಂದಿನ ದಿನದ ಮಜ್ಜಿಗೆಯನ್ನು ಒಂದು ಚಮಚದಷ್ಟು ಬೆರೆಸುವುದೇ ಹೆಪ್ಪು ಹಾಕುವುದು. ಕಾಯಿಸಿದಾಗ ಕ್ಷಯದ, ಕಂದುರೋಗದ ರೋಗಾಣುಗಳೂ ಹಾಲನ್ನು ಒಡೆಯುವ ಬಹುತೇಕ ಜೀವಿಗಳೂ ಸಾಯುತ್ತವೆ, ಹೀಗೆ ಖಾಲಿಯಾದ ನೆಲಕ್ಕೆ ಹೆಪ್ಪಿನ ಮೂಲಕ ಲ್ಯಾಕ್ಟಿಕ್ ಆಮ್ಲವನ್ನು ತಯಾರಿಸುವ ಬ್ಯಾಕ್ಟೀರಿಯಗಳು ಬಂದು ನೆಲೆಸುತ್ತವೆ. ಹಾಲಿನ ಸಕ್ಕರೆಯನ್ನು ಆಮ್ಲವಾಗಿಸುವ ಈ ಜೀವಿಗಳು ಮೊಸರಿಗೆ ಹುಳಿ ತರುವುದರ ಜೊತೆಗೆ, ಆ ಹುಳಿಯಲ್ಲಿ ಬದುಕಲಾರದ ಇತರ ಜೀವಿಗಳನ್ನು ಹೊರಗಟ್ಟುತ್ತವೆ. ಬೆಳಗಿನ ಜಾವ ಕಂಬಕ್ಕೆ ಹಗ್ಗ ಬಿಗಿದು, ಕಡೆಗೋಲಿನಿಂದ ಕಡೆದು, ಬೆಣ್ಣೆ ತೇಲಿದಾಗ ತಣ್ಣೀರು ಚಿಮುಕಿಸಿ ಉಂಡೆಗಟ್ಟಿ, ಎರಡು ಮೂರು ನೀರಿನಲ್ಲಿ ತೊಳೆಯುವುದರಿಂದ ಉಳಿದ ಮಜ್ಜಿಗೆ ಬಿಟ್ಟುಹೋಗುತ್ತದೆ. ಬೆಣ್ಣೆಯಲ್ಲಿ ಇನ್ನೂ ಆರನೆಯ ಒಂದು ಭಾಗದಷ್ಟು ನೀರಿರುವುದರಿಂದ ಅದು ಕೆಲವು ದಿನಗಳಲ್ಲಿ ಮುಗ್ಗಲು ಹಿಡಿಯಬಹುದು. ಅದನ್ನು ಕಾಯಿಸಿದಾಗ ನೀರು ಚಟಪಟ ಸದ್ದಿನೊಂದಿಗೆ ಆವಿಯಾಗುತ್ತದೆ, ಸದ್ದು ನಿಂತು ತಳದ ಗಸಿ ಕೆಂಪಾಗಿ ಘಮ ಬಂದಾಗ ಗಡಿಗೆಯನ್ನು ಇಳಿಸುತ್ತಾರೆ. ಆ ಸದ್ದು ನಿಲ್ಲುವುದನ್ನು ಕಿವಿಯಿಂದ ಕಾಯುತ್ತಿದ್ದ ಹೆಂಗಸು, ಬ್ಯಾಕ್ಟೀರಿಯಕ್ಕೆ ಬದುಕಲು ಬೇಕಾದ ನೀರು ತೀರಿದ ಕ್ಷಣವನ್ನೇ ಗುರುತಿಸುತ್ತಿದ್ದಳು. ತಿಂಗಳುಗಟ್ಟಲೆ ಕೆಡದ ತುಪ್ಪದ ರಹಸ್ಯ ಇದೇ.

ಬರಹದಲ್ಲಿಯೂ ಈ ವಿದ್ಯೆಯ ಗುರುತುಗಳಿವೆ. ಕಲ್ಯಾಣದ ಚಾಳುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರಕ್ಕೆ, ಅಂದರೆ ಪಾಕವಿದ್ಯೆಗೆ, ಒಂದು ಅಧ್ಯಾಯವೇ ಮೀಸಲಾಗಿದ್ದು, ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ಮೊಸರಿನ ತಿಳಿಯೊಡನೆ ರುಬ್ಬಿ ಇಡ್ಡಲಿಗೆ ಮಾಡುವ ಕ್ರಮ ಅಲ್ಲಿದೆ, ಹುಳಿಯ ಬಲವನ್ನು ಹಿಟ್ಟಿಗೆ ಸೇರಿಸುವ ಉಪಾಯ ಅಷ್ಟು ಹಿಂದೆಯೇ ಅಕ್ಷರಕ್ಕೆ ಬಂದಿತ್ತು. ಹದಿನಾರನೆಯ ಶತಮಾನದ ಮೊದಲ ದಶಕಗಳಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನೇ ಕಾವ್ಯವಾಗಿಸಿದನು. ಆದರೆ ಇವು ಆಸ್ಥಾನದ ಅಡುಗೆಯ ಗ್ರಂಥಗಳು. ತಪ್ಪಲಿನ ಮನೆಗಳಲ್ಲಿ ನಡೆದದ್ದು ಅತ್ತೆಯಿಂದ ಸೊಸೆಗೆ ಕೈಯಿಂದ ಕೈಗೆ ದಾಟಿದ ವಿದ್ಯೆಯಾದ್ದರಿಂದ, ಅದರ ದಾಖಲೆಗಳು ಭರಣಿ, ಅಟ್ಟ, ಒಲೆಗಳೇ.

ಮಲೆನಾಡಿನ ಕಡೆ, ಕೆಮ್ಮಣ್ಣುಗುಂಡಿಯಿಂದ ಕಲ್ಲತ್ತಿಗಿರಿಯತ್ತ ಇಳಿಯುವ ಕಾಡಂಚಿನ ಊರುಗಳಲ್ಲಿ, ಆಹಾರದ ದೊಡ್ಡ ಶತ್ರು ತೇವ. ಆಷಾಢ ಶ್ರಾವಣಗಳಲ್ಲಿ ಹೊರಗಿಟ್ಟ ಯಾವುದಕ್ಕೂ ಬೂಷ್ಟು ಹಿಡಿಯುವ ಹವೆಯಲ್ಲಿ ಬತ್ತ, ಕಾಳು, ಮೆಣಸಿನಕಾಯಿ, ಬೀಜದ ಸೌತೆಗಳೆಲ್ಲ ಒಲೆಯ ನೇರಕ್ಕಿದ್ದ ಅಟ್ಟಕ್ಕೆ ಏರುತ್ತಿದ್ದವು. ಮಳೆಗಾಲವಿಡೀ ಆರದ ಒಲೆಯ ಹೊಗೆಯು ಅವುಗಳ ನೀರನ್ನು ಎಳೆಯುವುದರ ಜೊತೆಗೆ, ತನ್ನಲ್ಲಿರುವ ಫಿನಾಲ್ ಮೊದಲಾದ ಕ್ರಿಮಿನಾಶಕ ರಾಸಾಯನಿಕಗಳ ತೆಳುವಾದ ಲೇಪವನ್ನೂ ಕೊಡುತ್ತಿತ್ತು. ಮಾಂಸಾಹಾರದ ಮನೆಗಳಲ್ಲಿ ಉಪ್ಪು, ಅರಿಸಿನ ಹಚ್ಚಿ ಸರವಾಗಿ ಪೋಣಿಸಿದ ಉಪ್ಪುಕಂಡ ಇದೇ ಹೊಗೆಯಲ್ಲಿ ತೂಗುತ್ತಿತ್ತು. ಹಸಿ ಬಾಡನ್ನು ಅನೇಕ ಮನೆಗಳಲ್ಲಿ ಒಳಗಿನ ಈಳಿಗೆಮಣೆಗೆ ತಾಕಿಸದೆ ಹೊರಗಿನ ಜಗುಲಿಯ ಪಕ್ಕದಲ್ಲಿಯೇ ಹೆಚ್ಚಿ, ಬೇರೆ ಗಡಿಗೆಯಲ್ಲಿ ಬೇಯಿಸುವ ಪದ್ಧತಿಯಿತ್ತು. ಹಸಿ ಮಾಂಸದ ಸಾಲ್ಮೊನೆಲ್ಲ ಮೊದಲಾದ ಬ್ಯಾಕ್ಟೀರಿಯಗಳು ಕತ್ತಿ, ಮಣೆ, ಕೈಗಳ ಮೂಲಕ ಬೇಯಿಸದೆ ತಿನ್ನುವ ತರಕಾರಿಗೆ ದಾಟುವುದನ್ನೇ ಇಂದಿನ ಆಹಾರವಿಜ್ಞಾನವು ಮನೆಯ ವಿಷಾಹಾರದ ಮುಖ್ಯ ಕಾರಣಗಳಲ್ಲಿ ಒಂದೆಂದು ಹೇಳುತ್ತದೆ.

ಹುಳಿ ಮತ್ತು ಉಪ್ಪಿನ ಬಳಕೆಯಲ್ಲಿ ಮಲೆನಾಡು ತೋರಿದ ಜಾಣ್ಮೆ ಇನ್ನೂ ಗಮನಾರ್ಹ. ಆಮ್ಲತೆಯನ್ನು ಅಳೆಯುವ ಪಿಎಚ್ ಮಾನದಲ್ಲಿ 7 ಎಂದರೆ ಶುದ್ಧ ನೀರು, ಅಂಕಿ ಇಳಿದಷ್ಟೂ ಹುಳಿ ಹೆಚ್ಚು, 4.6ಕ್ಕಿಂತ ಕೆಳಗೆ ಬಾಟುಲಿಸಮ್ ಎಂಬ ಮಾರಕ ನಂಜನ್ನು ತರುವ ಬ್ಯಾಕ್ಟೀರಿಯವು ಬೆಳೆಯಲಾರದು. ಎಳೆಯ ಅಪ್ಪೆಮಿಡಿಯನ್ನು ಸೊನೆಯಿರುವಾಗಲೇ ತೊಟ್ಟು ಸಮೇತ ಕೊಯ್ದು, ನೀರು ಸೋಕದಂತೆ ಒರೆಸಿ, ಕಲ್ಲುಪ್ಪಿನಲ್ಲಿ ಹೂತಿಟ್ಟಾಗ ಕಾಯಿ ಚಿರುಟಿ ತನ್ನ ನೀರನ್ನೇ ಬಿಟ್ಟು, ಆ ಉಪ್ಪುನೀರಿನಲ್ಲಿಯೇ ವರ್ಷಗಳ ಕಾಲ ಉಳಿಯುತ್ತದೆ. ಭರಣಿಗೆ ಒದ್ದೆ ಸೌಟು ಹಾಕಬಾರದು, ಬಾಯಿಗೆ ಬಟ್ಟೆ ಕಟ್ಟಬೇಕು, ಕಾಯಿ ಉಪ್ಪುನೀರಿನಿಂದ ಮೇಲೇಳಬಾರದು ಎಂಬ ಕಟ್ಟಳೆಗಳಲ್ಲಿ ಒಂದನ್ನಾದರೂ ಮೀರಿದರೆ ಬಿಳಿ ಬೂಷ್ಟು ಕಟ್ಟುವುದು ಎಲ್ಲರಿಗೂ ಗೊತ್ತಿತ್ತು. ಕಳಲೆಯನ್ನು ಎರಡು ಮೂರು ದಿನ ನೀರು ಬದಲಿಸುತ್ತ ನೆನೆಸುವುದಾದರೋ ಬ್ಯಾಕ್ಟೀರಿಯದ ಸಲುವಾಗಿ ಅಲ್ಲ. ಎಳೆ ಬಿದಿರಿನಲ್ಲಿರುವ ಸಯನೈಡ್ ಮೂಲದ ನಂಜನ್ನು ಕಳೆಯಲು. ಈ ನಂಜನ್ನು ಹಳಬರು ನೀರು ಮತ್ತು ಕಾಲ ಎಂಬ ಎರಡೇ ಉಪಕರಣಗಳಿಂದ ನಿಭಾಯಿಸಿದರು.

ಪಾತ್ರೆಗಳ ವಿಷಯದಲ್ಲಿ ತಾಮ್ರ ಹಿತ್ತಾಳೆಗಳ ಕಾಲ ಉದ್ದವಾದದ್ದು. ರಾತ್ರಿ ತಾಮ್ರದ ಬಿಂದಿಗೆಯಲ್ಲಿ ತುಂಬಿಟ್ಟ ನೀರನ್ನು ಬೆಳಿಗ್ಗೆ ಕುಡಿಯುವ ರೂಢಿಯನ್ನು ಬೆಂಗಳೂರಿನ ಸಂಶೋಧಕರು ಪರೀಕ್ಷೆಗೆ ಒಡ್ಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನವು, ಹದಿನಾರು ಗಂಟೆ ತಾಮ್ರದ ಪಾತ್ರೆಯಲ್ಲಿಟ್ಟ ನೀರಿನಲ್ಲಿ ಕಾಲರಾ ಮತ್ತು ಭೇದಿಯ ಬ್ಯಾಕ್ಟೀರಿಯಗಳು ಬೆಳೆಯದಂತಾಗುತ್ತವೆಂದು ತೋರಿಸಿತು. ಆದರೆ ಅದೇ ಲೋಹದಲ್ಲಿ ಹುಳಿ ಪದಾರ್ಥವನ್ನು ಇಟ್ಟರೆ ಕಿಲುಬು ಕರಗಿ ವಾಂತಿಯಾಗುವುದು, ಅದಕ್ಕಾಗಿಯೇ ಕಲಾಯಿ. ಊರಿಗೆ ಬಂದ ಕಲಾಯಿಗಾರನು ಬಯಲಿನಲ್ಲಿ ಗುಂಡಿ ತೋಡಿ ತಿದಿಯೊತ್ತಿ, ಪಾತ್ರೆಯನ್ನು ಕೆಂಡದ ಮೇಲೆ ಹೊರಳಿಸಿ ಕಾಯಿಸಿ, ನವಸಾಗರದ ಪುಡಿ ಎರಚಿದಾಗ ಬಿಳಿ ಹೊಗೆ ಭುಗ್ಗನೆ ಏಳುತ್ತಿತ್ತು. ಆ ಹೊಗೆಯ ನಡುವೆಯೇ ತವರದ ಕಡ್ಡಿಯನ್ನು ಸೋಕಿಸಿ ಹತ್ತಿಯ ಉಂಡೆಯಿಂದ ತಿಕ್ಕಿದರೆ ಹಳದಿಯ ಒಳಮೈ ಒಂದೇ ಸುತ್ತಿಗೆ ಬೆಳ್ಳಗಾಗುತ್ತಿತ್ತು. ಅಲ್ಯುಮಿನಿಯಮ್ ಮತ್ತು ಸ್ಟೀಲ್ ಪಾತ್ರೆಗಳು ಬಂದ ಮೇಲೆ ಈ ಕಸುಬು ಕ್ಷೀಣಿಸಿದ್ದು ಸಹಜ. ಸ್ಟೀಲ್ ಪಾತ್ರೆ ಹುಳಿಗೆ ಹೆದರುವುದಿಲ್ಲ, ಆದರೆ ತಾಮ್ರದಂತೆ ಬ್ಯಾಕ್ಟೀರಿಯಗಳನ್ನು ಕೊಲ್ಲುವುದೂ ಇಲ್ಲ.

ಪಾತ್ರೆ ತಿಕ್ಕುತ್ತಿದ್ದದ್ದು ಒಲೆಯ ಬೂದಿ, ತೆಂಗಿನ ನಾರು, ಹುಣಸೆಯ ಸಿಪ್ಪೆಗಳಿಂದ. ಬೂದಿಯ ಕ್ಷಾರವು ಜಿಡ್ಡನ್ನು ಒಡೆಯುತ್ತದೆ, ಹುಣಸೆಯ ಆಮ್ಲವು ಕಿಲುಬನ್ನು ತೆಗೆಯುತ್ತದೆ, ತಿಕ್ಕಿದ ನಾರನ್ನು ಎಸೆದುಬಿಡುತ್ತಿದ್ದುದರಿಂದ ಅದರಲ್ಲಿ ಬ್ಯಾಕ್ಟೀರಿಯ ಸೇರಿಕೊಳ್ಳಲು ಕಾಲವೇ ಸಿಗುತ್ತಿರಲಿಲ್ಲ. ಇಂದಿನ ಸಿಂಕಿನ ಮೂಲೆಯಲ್ಲಿ ವಾರಗಟ್ಟಲೆ ಒದ್ದೆಯಾಗಿ ಕೂರುವ ಸ್ಪಂಜಿಗೆ ಆ ಭಾಗ್ಯವಿಲ್ಲ. ಬಯಲುಸೀಮೆಯ ಮುತ್ತುಗದ ಎಲೆ, ಮಲೆನಾಡಿನ ಬಾಳೆಯೆಲೆಗಳೂ ಒಮ್ಮೆ ಬಳಸಿ ಬಿಡುವಂಥವು. ಇಷ್ಟಿದ್ದೂ ಮಸಿಬಟ್ಟೆ ಮಾತ್ರ ಎಲ್ಲ ಮನೆಗಳಲ್ಲಿಯೂ ಇತ್ತು: ಬಿಸಿ ಪಾತ್ರೆ ಇಳಿಸಿ, ಕೈ ಒರೆಸಿ, ನೆಲ ಒರೆಸಿ, ಮತ್ತೆ ತಟ್ಟೆ ಒರೆಸಿದ ಒಂದೇ ಬಟ್ಟೆ. ಸಗಣಿಯಿಂದ ನೆಲ ಸಾರಿಸುವುದು, ಒಲೆಗೆ ಕೆಮ್ಮಣ್ಣು ಬಳಿದು ಅಂಚಿಗೆ ಕಾರಣೆ ಎಳೆಯುವುದು ಧೂಳನ್ನೂ ಬಿರುಕಿನಲ್ಲಿ ಅಡಗುವ ಹುಳಹುಪ್ಪಟೆಗಳನ್ನೂ ದೂರವಿಟ್ಟಿರುವುದು ನಿಜ. ಆದರೆ ಸಗಣಿಯು ಕ್ರಿಮಿನಾಶಕವೆಂಬ ಮಾತಿಗೆ ಆಧಾರವಿಲ್ಲ. ಅದು ದನದ ಕರುಳಿನ ಬ್ಯಾಕ್ಟೀರಿಯಗಳನ್ನೂ ಧನುರ್ವಾಯುವಿನ ಬೀಜಾಣುಗಳನ್ನೂ ಹೊತ್ತಿರಬಲ್ಲದು. ಸಾರಿಸಿದ ಕೈಯನ್ನು ಚೆನ್ನಾಗಿ ತೊಳೆಯದೆ ಹಿಟ್ಟು ನಾದಿದರೆ ಆಗುವ ಅಪಾಯವನ್ನು ಯಾವ ಸಂಪ್ರದಾಯವೂ ತಡೆಯಲಾರದು.

ಮಡಿ ಮತ್ತು ಮುಸುರೆಯ ನಿಯಮಗಳನ್ನು ಇಲ್ಲಿಯೇ ವಿಚಾರಿಸಬೇಕು. ಬೇಯಿಸಿದ ಅನ್ನ ಸಾರುಗಳು ಮುಸುರೆ, ಹಸಿ ಅಕ್ಕಿ ಬೇಳೆಗಳು ಅಲ್ಲ. ಮುಸುರೆ ಮುಟ್ಟಿದ ಕೈಯಿಂದ ಉಪ್ಪಿನಕಾಯಿಯ ಭರಣಿಯನ್ನಾಗಲಿ ಹಾಲು ಮೊಸರನ್ನಾಗಲಿ ಮುಟ್ಟಕೂಡದು. ಎಂಜಲು ಸೋಕಿದ್ದನ್ನು ಇತರರಿಗೆ ಬಡಿಸಕೂಡದು. ನೀರಿನಂಶ ಹೆಚ್ಚಿರುವ ಬೆಂದ ಆಹಾರದಲ್ಲಿ ಬ್ಯಾಕ್ಟೀರಿಯ ಬೇಗ ಬೆಳೆಯುತ್ತದೆ, ಒಣ ಧಾನ್ಯದಲ್ಲಿ ಬೆಳೆಯುವುದಿಲ್ಲ ಎಂಬ ತಿಳಿವಳಿಕೆಗೆ ಈ ವಿಭಾಗ ಬೆರಗುಗೊಳಿಸುವಷ್ಟು ಹತ್ತಿರವಾಗಿದೆ. ಆದರೆ ಅದೇ ಮಡಿಯು ಕೊಳೆಯನ್ನು ಕೈಯಲ್ಲಿ, ನೀರಿನಲ್ಲಿ ಹುಡುಕುವುದರ ಬದಲು ಮನುಷ್ಯರ ಹುಟ್ಟಿನಲ್ಲಿ ಹುಡುಕಿತು. ಮಡಿಯುಟ್ಟವನು ಒದ್ದೆ ಪಂಚೆಯಲ್ಲಿ ತಂದ ಬಾವಿಯ ನೀರು ಕಲುಷಿತವಾಗಿದ್ದರೂ ಶುದ್ಧವೆನಿಸಿತು; ತನಗೆ ಸಿಕ್ಕ ನೀರನ್ನು ಚೆನ್ನಾಗಿ ಕಾಯಿಸಿ ಕುಡಿಯುತ್ತಿದ್ದ ದಲಿತ ಹೆಂಗಸಿನ ಕೈ ಅಶುದ್ಧವೆನಿಸಿತು. ಊರಬಾವಿಯನ್ನು ನಿರಾಕರಿಸಲ್ಪಟ್ಟವರು ದನಕರು ಇಳಿಯುವ ಕಟ್ಟೆಯ ನೀರಿಗೆ ಇಳಿಯಬೇಕಾಯಿತು, ಬೇನೆ ಬಂದಾಗ ಮೊದಲು ಸಾಯುವವರೂ ಅವರೇ ಆದರು. ಶುಚಿತ್ವದ ಹೆಸರಿನಲ್ಲಿ ಶುಚಿಯಾದ ನೀರನ್ನು ಕಿತ್ತುಕೊಂಡ ಈ ಅನ್ಯಾಯವನ್ನು ಬಿಟ್ಟು ಮಡಿಯ ವೈಜ್ಞಾನಿಕತೆಯನ್ನು ಮಾತ್ರ ಕೊಂಡಾಡುವುದು ಚರಿತ್ರೆಗೆ ಮಾಡುವ ವಂಚನೆ.

ವಾಸನೆಯಿಲ್ಲದ ಕೇಡಿನ ಮುಂದೆ ಹಳೆಯ ವಿದ್ಯೆ ಸೋತದ್ದು ಕಾಲರಾದ ವರ್ಷಗಳಲ್ಲಿ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ವಾಂತಿಭೇದಿ, ಮಾರಿಬೇನೆ ಎಂದು ಜನ ಕರೆದ ಈ ರೋಗವು ಜಾತ್ರೆಗಳ ಹಾದಿಯಲ್ಲಿ, ಬತ್ತಿದ ಕೆರೆಗಳ ಕೊನೆಯ ಗುಂಡಿಗಳಲ್ಲಿ ಹರಡುತ್ತಿತ್ತು. 1876–78ರ ಮಹಾಕ್ಷಾಮದಲ್ಲಿ ಹಸಿವಿನ ಬೆನ್ನಿಗೇ ಕಾಲರಾ ಬಂದು, 1871ರಲ್ಲಿ ಸುಮಾರು 50.5 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ ಸುಮಾರು 41.8 ಲಕ್ಷಕ್ಕೆ ಇಳಿಯಿತು. ಅಂದು ಕಡೂರು ಜಿಲ್ಲೆಯೆನಿಸಿದ್ದ ಇಂದಿನ ಚಿಕ್ಕಮಗಳೂರು ಜಿಲ್ಲೆಯ ಬಯಲು ತಾಲ್ಲೂಕುಗಳಲ್ಲಿ ಜನ ಮಾರಮ್ಮನಿಗೆ ಹರಕೆ ಹೊತ್ತರು, ಊರು ಬಿಟ್ಟು ಹೊರಬೀಡು ಹಾಕಿದರು. ಊರು ಬಿಡುವುದು ಕೆಲವೊಮ್ಮೆ ಫಲಿಸುತ್ತಿತ್ತು, ಏಕೆಂದರೆ ಅದರಿಂದ ಕಲುಷಿತವಾದ ಬಾವಿಯೂ ಹಿಂದೆ ಉಳಿಯುತ್ತಿತ್ತು. ಬೇನೆ ನೀರಿನಿಂದ ಬರುತ್ತದೆಂಬುದನ್ನು ಲಂಡನ್ನಿನಲ್ಲಿ ಜಾನ್ ಸ್ನೋ 1854ರಲ್ಲಿಯೇ ವಾದಿಸಿದ್ದನು. ಆ ನೀರಿನಲ್ಲಿರುವ ಬ್ಯಾಕ್ಟೀರಿಯವನ್ನು ರಾಬರ್ಟ್ ಕಾಖ್ 1884ರಲ್ಲಿ ಕಲ್ಕತ್ತೆಯಲ್ಲಿ, ಜನ ಸ್ನಾನಕ್ಕೂ ಪಾನಕ್ಕೂ ಬಳಸುತ್ತಿದ್ದ ಒಂದು ಕೆರೆಯ ನೀರಿನಲ್ಲಿ ಕಂಡನು. ತಪ್ಪಲಿನ ಮನೆಗಳಲ್ಲಿ ಭೇದಿಯಾದವರಿಗೆ ಕೊಡುತ್ತಿದ್ದ ಉಪ್ಪು ಹಾಕಿದ ತೆಳು ಗಂಜಿ ಮಾತ್ರ ಆ ಕಾಲದ ಔಷಧಗಳಲ್ಲೆಲ್ಲ ಲೇಸಾದದ್ದಾಗಿತ್ತೆಂದು ಈಗ ಹೇಳಬಹುದು. ಕಳೆದುಹೋದ ನೀರನ್ನೂ ಲವಣವನ್ನೂ ಪಿಷ್ಟದೊಡನೆ ಕೊಟ್ಟರೆ ಕರುಳು ಹೀರಿಕೊಳ್ಳುತ್ತದೆಂಬುದನ್ನು ವೈದ್ಯವಿಜ್ಞಾನ ಒಪ್ಪಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ.

ರೋಗಾಣುವಿನ ಕಲ್ಪನೆ ಈ ಸೀಮೆಗೆ ಸರ್ಕಾರದ ಮೂಲಕ ಬಂದಿತು. 1898ರಲ್ಲಿ ಸಂಸ್ಥಾನವನ್ನು ಹೊಕ್ಕ ಪ್ಲೇಗು ಆಡಳಿತವನ್ನು ಎಚ್ಚರಿಸಿತು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ನಡೆಸಿದ ‘ವಿಜ್ಞಾನ’ ಮಾಸಪತ್ರಿಕೆಯು ಆಧುನಿಕ ವಿಜ್ಞಾನವನ್ನು ಕನ್ನಡದಲ್ಲಿ ಹೇಳಲು ತೊಡಗಿತು. ಅದೇ ದಶಕದಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಆರಂಭವಾಯಿತಾದರೂ, ಹಳ್ಳಿಯ ಮನೆಯಲ್ಲಿ ಸಾಬೂನು ಬಹುಕಾಲ ಮೈಗೆ ಹಚ್ಚುವ ಸೊಗಸಿನ ವಸ್ತುವಾಗಿಯೇ ಉಳಿದು, ಅಡುಗೆಗೆ ಮುನ್ನ ಕೈ ತೊಳೆಯುವ ಸಾಧನವಾಗಲು ಇನ್ನೂ ಎರಡು ಮೂರು ತಲೆಮಾರುಗಳು ಬೇಕಾದವು. 1920ರ ದಶಕದ ಕೊನೆಯಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಸಂಸ್ಥಾನವು ಆರೋಗ್ಯ ಕಾರ್ಯಕ್ರಮಗಳನ್ನು ಕೈಗೊಂಡಾಗ ಕಡೂರು ಜಿಲ್ಲೆಯ ಮೂಡಿಗೆರೆಯಲ್ಲಿ ಮಲೇರಿಯ ಅಧ್ಯಯನದ ಕೇಂದ್ರ ತೆರೆಯಿತು. ಮಲೆನಾಡಿನ ಮಟ್ಟಿಗೆ ಜ್ವರವೇ ಮೊದಲ ಶತ್ರುವಾದ್ದರಿಂದ ಭೇದಿ, ನೀರು, ಪಾಯಿಖಾನೆಗಳ ಪ್ರಶ್ನೆ ಹಿಂದೆ ಬಿದ್ದದ್ದು ಅರ್ಥವಾಗುವಂಥದ್ದು.

ಈ ಕಥೆಯಲ್ಲಿ ಕೆಮ್ಮಣ್ಣುಗುಂಡಿಯ ಪಾಲು ಅದರ ಮಣ್ಣಿನಿಂದಲೇ ಬಂದಿತು. ಸರ್ ಎಂ. ವಿಶ್ವೇಶ್ವರಯ್ಯನವರ ಮುಂದಾಳುತನದಲ್ಲಿ ರೂಪುಗೊಂಡು, 1923ರಲ್ಲಿ ಇದ್ದಿಲಿನ ಊದುಕುಲುಮೆಯಿಂದ ಬೀಡು ಕಬ್ಬಿಣ ಇಳಿಸಲು ತೊಡಗಿದ ಭದ್ರಾವತಿಯ ಕಾರ್ಖಾನೆಗೆ ಇಲ್ಲಿಯ ಅದಿರು ತೂಗುತೊಟ್ಟಿಗಳ ಹಗ್ಗದ ಹಾದಿಯಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಟ್ರಾಮಿನಲ್ಲಿ ಸಾಗುತ್ತಿತ್ತು. ಆ ಕಾರ್ಖಾನೆಯು ಎರಕ ಹೊಯ್ದ ಪದಾರ್ಥಗಳಲ್ಲಿ ನೀರಿನ ಕೊಳವೆಗಳೂ ಇದ್ದವು. ಅಡುಗೆಮನೆಯ ಆರೋಗ್ಯವನ್ನು ಬದಲಿಸಿದ ವಸ್ತುಗಳಲ್ಲಿ ಯಾವ ಪಾತ್ರೆಗಿಂತಲೂ ದೊಡ್ಡದು ನೀರಿನ ಕೊಳವೆ ಎಂಬುದರಲ್ಲಿ ಸಂಶಯವಿಲ್ಲ. ಮುಚ್ಚಿದ ಕೊಳವೆಯಲ್ಲಿ ಕ್ಲೋರಿನ್ ಬೆರೆತ ನೀರು ಬಂದಲ್ಲಿ ಕಾಲರಾ ಹಿಮ್ಮೆಟ್ಟಿತು. ಬೆಟ್ಟದ ಜನರಾದರೋ ಅದಕ್ಕೂ ಮೊದಲೇ ಒರತೆಯ ನೀರನ್ನು ಅಡಿಕೆಯ ದಬ್ಬೆಯಲ್ಲಿ ಅಂಗಳಕ್ಕೆ ತಂದು ಅಬ್ಬಿನೀರೆಂದು ಬಳಸುತ್ತಿದ್ದರು. ಕಬ್ಬಿಣದ ಅಂಶವಿರುವ ಒರತೆಯು ಗಾಳಿಗೆ ತೆರೆದುಕೊಳ್ಳುವಲ್ಲಿ ಕಿತ್ತಳೆ ಬಣ್ಣದ ಲೋಳೆ ಕಟ್ಟುವುದು ಕಬ್ಬಿಣವನ್ನು ಉತ್ಕರ್ಷಿಸಿ ಬದುಕುವ ಬ್ಯಾಕ್ಟೀರಿಯಗಳಿಂದ. ನೋಡಲು ಅಸಹ್ಯವಾದ ಆ ಲೋಳೆಯಿಂದ ರೋಗ ಬರುವುದಿಲ್ಲ. ಮೇಲ್ಗಡೆಯ ಕೊಟ್ಟಿಗೆಯಿಂದ ಮಳೆನೀರು ಇಳಿದು ಸೇರಿದ, ಕನ್ನಡಿಯಂತೆ ತಿಳಿಯಾದ ಇನ್ನೊಂದು ಒರತೆಯಿಂದ ಬರಬಹುದು. ಕಣ್ಣನ್ನು ನಂಬಿ ನೀರನ್ನು ಆರಿಸುವ ಪದ್ಧತಿಯ ಮಿತಿ ಇಲ್ಲಿ ಸ್ಪಷ್ಟ.

ಬೆಟ್ಟದ ಎತ್ತರವೂ ಅಡುಗೆಯಲ್ಲಿ ಭಾಗಿ. ಸುಮಾರು 300 ಮೀಟರ್ ಏರಿದಂತೆಲ್ಲ ನೀರು ಕುದಿಯುವ ಉಷ್ಣತೆ ಒಂದು ಡಿಗ್ರಿಯಷ್ಟು ಇಳಿಯುವುದರಿಂದ, ಕೆಮ್ಮಣ್ಣುಗುಂಡಿಯಲ್ಲಿ ಅದು ಸುಮಾರು 95 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಬೇಳೆ ಬೇಯಲು ಹೆಚ್ಚು ಹೊತ್ತು ಬೇಕಾಗುತ್ತದೆ. ಹಾಲನ್ನು ಪಾಶ್ಚರೀಕರಿಸಲು, ಅಂದರೆ ರೋಗಾಣು ಸಾಯುವಷ್ಟು ಕಾಯಿಸಿ ತಣಿಸಲು, 72 ಡಿಗ್ರಿಯಲ್ಲಿ 15 ಸೆಕೆಂಡು ಸಾಕಾದ್ದರಿಂದ ಈ ಇಳಿಕೆಯಿಂದ ಕುಡಿಯುವ ನೀರಿಗೂ ಹಾಲಿಗೂ ಧಕ್ಕೆಯಿಲ್ಲ. ಕುದಿಯುವ ನೀರಿಗೂ ಜಗ್ಗದವು ಬೀಜಾಣುಗಳು: ಕೆಲವು ಬ್ಯಾಕ್ಟೀರಿಯಗಳು ಕಷ್ಟಕಾಲದಲ್ಲಿ ಗಟ್ಟಿ ಕವಚದೊಳಗೆ ಸುಪ್ತವಾಗಿ ಉಳಿಯುವ ಅವಸ್ಥೆಗೆ ಈ ಹೆಸರು. ಅಕ್ಕಿಯಲ್ಲಿ ಸಾಮಾನ್ಯವಾಗಿರುವ ಬ್ಯಾಸಿಲಸ್ ಸೀರಿಯಸ್ ಎಂಬುದರ ಬೀಜಾಣು ಅನ್ನ ಬೆಂದರೂ ಸಾಯದೆ, ಅನ್ನ ಬೆಚ್ಚಗಿರುವಾಗಲೇ ಮೊಳೆತು ಬೆಳೆದು ವಿಷವನ್ನು ಬಿಡುತ್ತದೆ. ವಾಂತಿ ತರುವ ಆ ವಿಷವು ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ರಾತ್ರಿ ಉಳಿದ ಅನ್ನಕ್ಕೆ ನೀರು ಅಥವಾ ಮಜ್ಜಿಗೆ ಹೊಯ್ದಿಟ್ಟು ಬೆಳಿಗ್ಗೆ ತಂಗಳನ್ನವಾಗಿ ಉಣ್ಣುವ ಕ್ರಮದಲ್ಲಿ ಅನ್ನ ಬೇಗ ತಣಿಯುತ್ತದೆ, ಹುಳಿ ಕಟ್ಟುವ ಬ್ಯಾಕ್ಟೀರಿಯಗಳು ಮೊದಲು ನೆಲೆಯೂರುತ್ತವೆ. ಆ ಕ್ರಮವನ್ನು ಬಡತನದ ಗುರುತೆಂದು ಬಿಟ್ಟು, ಉಳಿದ ಅನ್ನವನ್ನು ಬಿಸಿ ಕುಕ್ಕರಿನಲ್ಲಿಯೇ ಮುಚ್ಚಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡುವ ರೂಢಿಯಲ್ಲಿ ಆ ರಕ್ಷಣೆ ಇಲ್ಲವಾಗಿದೆ.

ಸ್ವಾತಂತ್ರ್ಯಾನಂತರ 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಆರಂಭವಾಗಿ ಆಹಾರದ ಕೇಡು ಪ್ರಯೋಗಶಾಲೆಯ ವಿಷಯವಾಯಿತು. ಈ ಸೀಮೆಯ ಮನೆಗಳನ್ನು ಹೆಚ್ಚು ನೇರವಾಗಿ ಮುಟ್ಟಿದ್ದು ಹಾಲಿನ ಸಹಕಾರ ಸಂಘ. ಚಿಕ್ಕಮಗಳೂರು ಜಿಲ್ಲೆಯು ಹಾಸನದ ಹಾಲು ಒಕ್ಕೂಟಕ್ಕೆ ಸೇರಿದ ಮೇಲೆ, ಹೆಂಗಸರು ಕಡೆದು ತುಪ್ಪವಾಗಿಸುತ್ತಿದ್ದ ಹಾಲು ಹಸಿಯಾಗಿಯೇ ಸಂಘದ ಕ್ಯಾನಿಗೆ ಹೋಗಿ, ಬೆಣ್ಣೆ ಚಾವಡಿಯ ಕಾಲದಿಂದ ಬಂದ ಅವರ ಕೆಲಸವನ್ನು ಶೀತಲೀಕರಣದ ಟ್ಯಾಂಕುಗಳೂ ಪಾಶ್ಚರೀಕರಣದ ಯಂತ್ರಗಳೂ ವಹಿಸಿಕೊಂಡವು. ಡೇರಿಯ ಪ್ರಯೋಗಶಾಲೆಗಳಲ್ಲಿ ಹಾಲಿನ ಗುಣವನ್ನು ಅಳೆಯುವ ಮೀಥಿಲೀನ್ ಬ್ಲೂ ಪರೀಕ್ಷೆಯಲ್ಲಿ, ಒಂದು ನಳಿಕೆ ಹಾಲಿಗೆ ನೀಲಿ ಬಣ್ಣದ ಹನಿ ಬೆರೆಸಿ ಬೆಚ್ಚಗಿನ ನೀರಿನಲ್ಲಿ ನಿಲ್ಲಿಸುತ್ತಾರೆ. ಬ್ಯಾಕ್ಟೀರಿಯಗಳು ಹೆಚ್ಚಿದ್ದಷ್ಟೂ ಅವು ಹಾಲಿನ ಆಮ್ಲಜನಕವನ್ನು ಬೇಗ ತೀರಿಸಿ ನೀಲಿಯನ್ನು ಬೇಗ ಮಾಸಿಸುತ್ತವೆ. ಒಳ್ಳೆಯ ಹಾಲಿನಲ್ಲಿ ನೀಲಿ ಗಂಟೆಗಟ್ಟಲೆ ನಿಲ್ಲುತ್ತದೆ, ಕೆಟ್ಟದ್ದರಲ್ಲಿ ಅರ್ಧ ಗಂಟೆಯೂ ನಿಲ್ಲದು. ನಾಲಗೆಗೆ ಹುಳಿ ತಾಕುವುದಕ್ಕೆ ಬಹಳ ಮೊದಲೇ ಕೇಡನ್ನು ಕಣ್ಣಿಗೆ ತೋರಿಸುವ ಇಂಥ ಉಪಾಯ ಹಳೆಯ ಅಡುಗೆಮನೆಗೆ ದಕ್ಕಿರಲಿಲ್ಲ.

ಪ್ಯಾಕೆಟ್ಟಿನಲ್ಲಿ ಬರುವ ಹಾಲು ಒಮ್ಮೆ ಪಾಶ್ಚರೀಕರಣಗೊಂಡದ್ದೇ ಆಗಿದ್ದರೂ ತರೀಕೆರೆ, ಕಡೂರುಗಳ ಮನೆಗಳಲ್ಲಿ ಅದನ್ನು ಮತ್ತೆ ಉಕ್ಕುವವರೆಗೆ ಕಾಯಿಸುತ್ತಾರೆ. ಅಂಗಡಿಯ ಮುಂದೆ ಬಿಸಿಲಿನಲ್ಲಿ ನಿಂತ ಕ್ರೇಟುಗಳನ್ನು ನೆನೆದರೆ ಅದು ಅನವಶ್ಯಕವೆನ್ನಲಾಗದು. ಅಪಾಯವಿರುವುದು ಆಮೇಲಿನ ಹೊತ್ತಿನಲ್ಲಿ: ಕಾಯಿಸಿದ ಹಾಲು ಒಲೆಯ ಪಕ್ಕದಲ್ಲಿಯೇ ಮಧ್ಯಾಹ್ನದವರೆಗೆ ಬೆಚ್ಚಗೆ ಕುಳಿತಾಗ, ಉಳಿದ ಬೀಜಾಣುಗಳು ಮೊಳೆಯುತ್ತವೆ, ಅದ್ದಿದ ಸೌಟಿನಿಂದ ಹೊಸವು ಸೇರುತ್ತವೆ. ಹಿಂದೆ ಹಾಲು ಆ ಹೊತ್ತೆಲ್ಲ ಸಣ್ಣ ಉರಿಯ ಮೇಲೆಯೇ ಇದ್ದು, ಸಂಜೆ ಉಗುರುಬೆಚ್ಚಗಾದೊಡನೆ ಅದಕ್ಕೆ ಹೆಪ್ಪು ಬೀಳುತ್ತಿತ್ತು. ಈಗ ಎರಡು ಗಂಟೆಯೊಳಗೆ ಅದು 5 ಡಿಗ್ರಿಗಿಂತ ತಣ್ಣಗಿರುವ ಫ್ರಿಜ್ಜಿಗೆ ಸೇರಬೇಕು; ಮಳೆಗಾಲದಲ್ಲಿ ಗಾಳಿಗೆ ಮರ ಮುರಿದು ತಂತಿ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಬೆಟ್ಟದ ಊರುಗಳಲ್ಲಿ ಫ್ರಿಜ್ಜನ್ನು ನೆಚ್ಚಲಾಗದ ಮನೆಗಳು ಸಂಜೆಯ ಹಾಲನ್ನು ಇಂದಿಗೂ ಹೆಪ್ಪಿಗೇ ಹಾಕುತ್ತವೆ.